ಬ್ರೆಸ್ಟ್ ರಿಡಕ್ಷನ್ ಆದ ಮೇಲೆ ಮೊದಲ ಆರು ವಾರ: ಮನೆಯಲ್ಲಿ ಏನೇನು ಸಿದ್ಧವಿರಬೇಕು, ಯಾವುದಕ್ಕೆ ಗಾಬರಿಯಾಗಬೇಕು?

ತುಂಗಾತೀರ:

ಅಕ್ಕನಿಗೆ ಮುಂದಿನ ತಿಂಗಳು ಬೆಂಗಳೂರಲ್ಲಿ ಬ್ರೆಸ್ಟ್ ರಿಡಕ್ಷನ್, ಅಂದರೆ ಸ್ತನದ ಗಾತ್ರ ಇಳಿಸುವ ಆಪರೇಷನ್. ವಯಸ್ಸು 34, ಬಿಎಂಐ 28, ಶುಗರ್, ಬಿಪಿ ಇಲ್ಲ. ಎರಡನೇ ಮಗುವಿಗೆ ಹಾಲು ಬಿಡಿಸಿ ಒಂದು ವರ್ಷವಾಯಿತು, ಮಗುವಿಗೆ ಈಗ ಎರಡೂವರೆ. ಕತ್ತು-ಭುಜದ ನೋವು, ಬ್ರಾ ಪಟ್ಟಿ ಒತ್ತಿ ಎರಡೂ ಭುಜದಲ್ಲಿ ಗುಳಿ, ಬೇಸಿಗೆ ಬಂದರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಹುಣ್ಣು. ಆಂಕರ್ ಆಕಾರದ ಕೊಯ್ತ, ಇನ್ಫೀರಿಯರ್ ಪೆಡಿಕಲ್, ಒಂದೊಂದು ಕಡೆ ಸುಮಾರು 600 ಗ್ರಾಂ ತೆಗೆಯುತ್ತೇವೆ, ಒಂದೆರಡು ರಾತ್ರಿ ಅಡ್ಮಿಟ್ ಅಂದಿದ್ದಾರೆ.

ಕೇಳಬೇಕಾದ್ದು ಇಷ್ಟು. ಆಪರೇಷನ್‌ಗೆ ಮೊದಲು ಏನೇನು ನಿಲ್ಲಿಸಬೇಕು? ಆಮೇಲೆ ಶಿವಮೊಗ್ಗಕ್ಕೆ, ಅಮ್ಮನ ಮನೆಗೆ ಬರುತ್ತಾಳೆ; ಅಲ್ಲಿ ಏನೇನು ಏರ್ಪಾಡು ಮಾಡಿಡಬೇಕು? ಎಷ್ಟನೇ ದಿನ ಪ್ರಯಾಣ ಮಾಡಬಹುದು? ಯಾವುದು ಮಾಮೂಲಿ, ಯಾವುದು ಅಪಾಯ? ಇನ್ಶೂರೆನ್ಸ್‌ನವರು ಕಾಸ್ಮೆಟಿಕ್ ಅಂತ ಹೇಳಿ ಕ್ಯಾಶ್‌ಲೆಸ್ ನಿರಾಕರಿಸಿದ್ದಾರೆ, ಅದಕ್ಕೇನಾದರೂ ದಾರಿ ಇದೆಯಾ? ಕೊನೆಯದು, ಅಮ್ಮ ಈಗಲೇ ಪಥ್ಯದ ಪಟ್ಟಿ ಮಾಡಿಟ್ಟಿದ್ದಾರೆ.


ಹೊಲಿಗೆ_ಬಿಚ್ಚುವವ:

ಒಳಗೆ ಏನು ಮಾಡುತ್ತಾರೆ ಅನ್ನೋದು ತಿಳಿದರೆ ಆಮೇಲಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮೊಲೆತೊಟ್ಟನ್ನು ಕಿತ್ತು ಮೇಲೆ ಅಂಟಿಸುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತೊಟ್ಟಿಗೆ ರಕ್ತ ಮತ್ತು ನರ ತಲುಪಿಸುವ ಒಂದು ದಪ್ಪ ಕಂಬದಷ್ಟು ಅಂಗಾಂಶವನ್ನು ಹಾಗೇ ಉಳಿಸಿ, ಸುತ್ತಲಿನ ಕೊಬ್ಬು, ಗ್ರಂಥಿ, ಹೆಚ್ಚುವರಿ ಚರ್ಮವನ್ನು ತೆಗೆಯುತ್ತಾರೆ. ಆ ಕಂಬವೇ ಪೆಡಿಕಲ್. ಇನ್ಫೀರಿಯರ್ ಅಂದರೆ ಕಂಬದ ಬುಡ ಕೆಳಗಿನ ಮಡಿಕೆಯ ಕಡೆ ಇದೆ ಅಂತ. ಸ್ತನ ವಿಪರೀತ ದೊಡ್ಡದಿದ್ದು ಕಂಬ ತೀರಾ ಉದ್ದವಾಗುತ್ತದೆ, ತುದಿಗೆ ರಕ್ತ ಮುಟ್ಟಲಾರದು ಅನಿಸಿದಾಗ ಮಾತ್ರ ತೊಟ್ಟನ್ನು ಬಿಡಿಸಿ ಚರ್ಮದ ಕಸಿಯಂತೆ ಕೂರಿಸುತ್ತಾರೆ. 600 ಗ್ರಾಂಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಆಂಕರ್ ಕೊಯ್ತದ ನಕ್ಷೆ ರಾಬರ್ಟ್ ವೈಸ್ 1956ರಲ್ಲಿ ಪ್ರಕಟಿಸಿದ್ದು, ಅದಕ್ಕೇ ವೈಸ್ ಪ್ಯಾಟರ್ನ್ ಅನ್ನುತ್ತಾರೆ. ಹೊಲಿಗೆ ಮೂರು ಕಡೆ ಬರುತ್ತದೆ: ತೊಟ್ಟಿನ ಕಪ್ಪು ವರ್ತುಲದ ಸುತ್ತ, ಅಲ್ಲಿಂದ ನೇರ ಕೆಳಕ್ಕೆ, ಆಮೇಲೆ ಮಡಿಕೆಯ ಉದ್ದಕ್ಕೂ. ನೇರ ಗೆರೆ ಬಂದು ಮಡಿಕೆಯ ಗೆರೆಗೆ ಕೂಡುವ ಜಾಗವನ್ನು ಟಿ ಜಂಕ್ಷನ್ ಅಂತೀವಿ. ಎರಡೂ ಬದಿಯ ಚರ್ಮದ ತುತ್ತತುದಿಗಳು ಸೇರುವುದು ಅಲ್ಲೇ. ರಕ್ತ ಅತಿ ದೂರ ಹರಿದು ಬರಬೇಕಾದ್ದು ಅಲ್ಲಿಗೆ, ಎಳೆತ ಅತಿ ಹೆಚ್ಚು ಇರುವುದೂ ಅಲ್ಲೇ, ಬೆವರು ನಿಲ್ಲುವುದೂ ಅಲ್ಲೇ. ಹೊಲಿಗೆ ಬಿಟ್ಟುಕೊಂಡರೆ ಹೆಚ್ಚಾಗಿ ಬಿಡುವುದು ಆ ಒಂದೂವರೆ ಸೆಂಟಿಮೀಟರ್‌ನಲ್ಲಿ. ಆರು ವಾರದ ಆರೈಕೆಯ ಮುಕ್ಕಾಲು ಪಾಲು ಈ ಮೂಲೆಯನ್ನು ಕಾಯುವ ಕೆಲಸ.

ಅದಕ್ಕೇ ತಂಬಾಕಿನ ವಿಷಯದಲ್ಲಿ ನಾವು ಜಗಳಕ್ಕೇ ನಿಲ್ಲುವುದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ; ಮೊದಲು ಸಾಯುವುದು ಆ ತುದಿ ಚರ್ಮ, ಕೈಕೊಟ್ಟರೆ ತೊಟ್ಟೂ ಕೂಡ. ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ಬಂದ್. ಹೆಂಗಸರನ್ನು ಸಿಗರೇಟು ಸೇದುತ್ತೀರಾ ಅಂತ ಕೇಳಿ ಇಲ್ಲ ಅಂದ ಕೂಡಲೇ ಮುಂದಕ್ಕೆ ಹೋಗುವ ಡಾಕ್ಟರಿದ್ದಾರೆ. ಕಡ್ಡಿಪುಡಿ, ನಶ್ಯ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ನಿಕೋಟಿನ್ ಗಮ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೇಳದಿದ್ದರೂ ನೀವೇ ಹೇಳಿ.

ಮಾತ್ರೆಗಳಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇರುವುದನ್ನು 7ರಿಂದ 10 ದಿನ ಮುಂಚೆ ನಿಲ್ಲಿಸಬೇಕು. ಕತ್ತು ನೋವಿಗೆ ಅಂತ ಕಾಂಬಿಫ್ಲಾಮ್ ನುಂಗುವ ಅಭ್ಯಾಸವಿದ್ದರೆ ಅದರಲ್ಲೂ ಐಬುಪ್ರೊಫೆನ್ ಇದೆ. ಹೃದಯಕ್ಕೆ ಬರೆದುಕೊಟ್ಟ ಆಸ್ಪಿರಿನ್ ಆದರೆ ಬರೆದವರನ್ನು ಕೇಳದೆ ನಿಲ್ಲಿಸಬಾರದು. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ಅಶ್ವಗಂಧ ಎರಡು ವಾರ ಮುಂಚೆ. ಊಟದ ಬೆಳ್ಳುಳ್ಳಿ ಒಗ್ಗರಣೆಗೆ ಅಡ್ಡಿಯಿಲ್ಲ. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಹೇಳಬೇಕು. ಈಸ್ಟ್ರೊಜೆನ್ ಇರುವ ಗುಳಿಗೆಯಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ.

ಹಿಮೋಗ್ಲೋಬಿನ್ ಈಗಲೇ ನೋಡಿಸಿ. 10ರ ಕೆಳಗಿದ್ದರೆ ಆಪರೇಷನ್ ಮುಂದಕ್ಕೆ ಹಾಕುವುದೇ ವಾಡಿಕೆ, ಕಬ್ಬಿಣದ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. ಸ್ತನದ ಅಲ್ಟ್ರಾಸೌಂಡ್ ಆಗಿರಬೇಕು. 40 ದಾಟಿದವರಿಗೆ, ಮನೆಯಲ್ಲಿ ಸ್ತನ ಕ್ಯಾನ್ಸರ್ ಇದ್ದವರಿಗೆ ಮ್ಯಾಮೊಗ್ರಾಂ ಕೂಡ. ಉಪವಾಸದ ಲೆಕ್ಕದಲ್ಲಿ ಹಾಲು ಹಾಕಿದ ಕಾಫಿ ತಿಂಡಿಗೆ ಸಮ, ಆರು ಗಂಟೆ ಮುಂಚೆಯೇ ಕೊನೆ. ಬರೀ ನೀರು ಎರಡು ಗಂಟೆ ಮುಂಚಿನವರೆಗೆ.

ಇನ್ನೊಂದು, ಕಪ್ ಸೈಜಿನ ಭರವಸೆ ಯಾರೂ ಕೊಡಲಾರರು. ನಾವು ತೂಕ ಮಾಡುವುದು ಗ್ರಾಂನಲ್ಲಿ, ಅಂಗಡಿಯವರು ಮಾರುವುದು ಅಕ್ಷರದಲ್ಲಿ, ಕಂಪನಿಯಿಂದ ಕಂಪನಿಗೆ ಅಕ್ಷರ ಬೇರೆ. ನಿಂತುಕೊಂಡಾಗ ಮಾರ್ಕರ್‌ನಿಂದ ಗುರುತು ಹಾಕುತ್ತಾರೆ. ಕತ್ತಿನ ಬುಡದ ಗುಳಿಯಿಂದ ತೊಟ್ಟಿನ ಹೊಸ ಜಾಗಕ್ಕೆ ಸಾಮಾನ್ಯವಾಗಿ 21ರಿಂದ 23 ಸೆಂಟಿಮೀಟರ್. ಅನುಮಾನ ಬಂದರೆ ಸ್ವಲ್ಪ ಕೆಳಗೇ ಗುರುತು ಮಾಡುತ್ತಾರೆ: ಕೆಳಗಿದ್ದ ತೊಟ್ಟನ್ನು ಏರಿಸಬಹುದು, ಮೇಲೆ ಹೋದದ್ದನ್ನು ಇಳಿಸುವುದು ಮಹಾ ಕಷ್ಟ. ಆ ಗುರುತನ್ನು ಸ್ನಾನದಲ್ಲಿ ಉಜ್ಜಿ ಅಳಿಸಬೇಡಿ.

ಸರ್ಜನ್ ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಮಾಡಿದವರೇ ಅನ್ನೋದನ್ನು ಒಮ್ಮೆ ನೋಡಿಕೊಳ್ಳಿ. ಬೋರ್ಡಿನಲ್ಲಿ ಕಾಸ್ಮೆಟಿಕ್ ಸರ್ಜನ್ ಅಂತ ಬರೆದುಕೊಂಡವರೆಲ್ಲ ಅದನ್ನು ಓದಿದವರಲ್ಲ.


ವಾರ್ಡ್_ಸಿಸ್ಟರ್:

ಮನೆ ಏರ್ಪಾಡಿನ ಬಗ್ಗೆ ನಾನು ಹೇಳ್ತೀನಿ. ಮೊದಲು ಬಟ್ಟೆ. ಮುಂದೆ ಹುಕ್ಕು ಅಥವಾ ಜಿಪ್ ಇರುವ, ತಂತಿ ಇಲ್ಲದ ಸರ್ಜಿಕಲ್ ಬ್ರಾ ಎರಡು ಬೇಕು: ಒಂದು ಮೈಮೇಲೆ, ಒಂದು ತಂತಿ ಮೇಲೆ ಒಣಗ್ತಾ ಇರುತ್ತೆ. ಎದೆಯ ಕೆಳಗಿನ ಸುತ್ತಳತೆ ನೋಡಿ ಕೊಳ್ಳಿ, ಕಪ್ ಸಡಿಲ ಇರಲಿ. ನಾಲ್ಕರಿಂದ ಆರು ವಾರ ಹಗಲೂ ರಾತ್ರಿ ಅದೇ. ಕೆಳಗಿನ ಪಟ್ಟಿ ಸುತ್ತಿಕೊಂಡು ಹಗ್ಗದ ಹಾಗೆ ಮಡಿಕೆಯ ಹೊಲಿಗೆ ಮೇಲೆ ಕೂತರೆ ಟಿ ಜಂಕ್ಷನ್ ಅಲ್ಲೇ ಕೆಡುತ್ತೆ, ಅಗಲ ಪಟ್ಟಿಯದ್ದನ್ನೇ ನೋಡಿ. ಮೇಲೆ ಹಾಕ್ಕೊಳ್ಳೋಕೆ ಬಾಣಂತನದ ಜಿಪ್ ನೈಟಿಗಳು ಇದ್ದೇ ಇರುತ್ತವಲ್ಲ, ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ತಲೆ ಮೇಲಿಂದ ಹಾಕುವ ಬಟ್ಟೆ ಮೂರು ವಾರ ಬೇಡ.

ಮಲಗೋದು ಮಂಚದ ಮೇಲೆ, ಅಂಗಾತ, ಬೆನ್ನಿಗೆ ಮೂರು ನಾಲ್ಕು ದಿಂಬು ಕೊಟ್ಟು ಅರ್ಧ ಒರಗಿದ ಹಾಗೆ. ಎರಡು ಮೂರು ವಾರ ಹೀಗೇ. ಚಾಪೆ ಬೇಡ, ನೆಲದಿಂದ ಏಳೋಕೆ ಎರಡೂ ಕೈ ಊರಬೇಕಾಗುತ್ತೆ. ಮಂಡಿ ಕೆಳಗೊಂದು ದಿಂಬು ಇಟ್ಟರೆ ನಿದ್ದೆಯಲ್ಲಿ ಕೆಳಕ್ಕೆ ಜಾರಲ್ಲ. ಮಗು ರಾತ್ರಿ ಬೇರೆಯವರ ಪಕ್ಕ ಮಲಗಲಿ, ಒಂದು ಒದೆ ಸಾಕು.

ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು ಅಂತ ಬರೆದುಕೊಡ್ತಾರೆ. ಅದು ಎಷ್ಟು ಅಂತ ಯಾರಿಗೂ ಅಂದಾಜು ಇರಲ್ಲ. ಅನ್ನ ತುಂಬಿದ ಐದು ಲೀಟರ್ ಕುಕ್ಕರ್ ನಾಲ್ಕು ಕಿಲೋ ದಾಟುತ್ತೆ. ಬಕೆಟ್ ನೀರು ಹದಿನೈದು. ಎರಡೂವರೆ ವರ್ಷದ ಮಗು ಹನ್ನೆರಡು. ಮಗುವನ್ನ ನಾಲ್ಕು ವಾರ ಎತ್ತೋ ಹಾಗಿಲ್ಲ. ಅವರು ಕೂತ್ಕೊಂಡು ತೊಡೆ ಮೇಲೆ ದಿಂಬು ಇಟ್ಕೊಳ್ಳಲಿ, ಮಗು ತಾನೇ ಹತ್ತಲಿ. ಆಪರೇಷನ್‌ಗೆ ಮುಂಚಿನ ವಾರದಿಂದಲೇ ಈ ಅಭ್ಯಾಸ ಮಾಡಿಸಿ. ದಿನಬಳಕೆ ಡಬ್ಬಿಗಳನ್ನ ಮೇಲಿನ ಷೆಲ್ಫಿಂದ ಸೊಂಟದ ಮಟ್ಟಕ್ಕೆ ಇಳಿಸಿಡಿ. ಕಾಯಿ ತುರಿಯೋದು, ಚಪಾತಿ ಲಟ್ಟಿಸೋದು, ನೆಲ ಒರೆಸೋದು, ಬಟ್ಟೆ ಹಿಂಡೋದು ಎಲ್ಲ ಎದೆ ಸ್ನಾಯುವಿನ ಕೆಲಸವೇ.

ಡ್ರೈನ್ (ಗಾಯದೊಳಗಿನ ದ್ರವ ಹೊರಗೆ ತರುವ ಕೊಳವೆ) ಹಾಕಿ ಕಳಿಸಿದರೆ, ಅಕಾರ್ಡಿಯನ್ ಥರ ಒತ್ತಿ ಮುಚ್ಚುವ ಬಾಟಲಿ ಎರಡು ಇರುತ್ತೆ. ಕೆಲವು ಸರ್ಜನ್‌ಗಳು ಡ್ರೈನೇ ಹಾಕಲ್ಲ, ಅದೂ ಸರಿಯೇ. ದಿನಕ್ಕೆ ಎರಡು ಸಲ ಒಂದೇ ಹೊತ್ತಿಗೆ ಖಾಲಿ ಮಾಡಿ, ಎಡ-ಬಲ ಬೇರೆ ಬೇರೆ ಎಂಎಲ್ ಬರೆದಿಡಿ, ಬಾಟಲಿ ಪೂರ್ತಿ ಹಿಂಡಿ ಆಮೇಲೆ ಮುಚ್ಚಳ ಹಾಕಿ. ಬಣ್ಣ ಕೆಂಪಿಂದ ಗುಲಾಬಿಗೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತೆ. 24 ಗಂಟೆಗೆ 30 ಎಂಎಲ್ ಒಳಗೆ ಬಂದರೆ ಸಾಮಾನ್ಯವಾಗಿ ತೆಗೀತಾರೆ. ಹಿಂಡಿ ಮುಚ್ಚಿದ ಬಾಟಲಿ ದ್ರವ ಇಲ್ಲದೆ ತಾನಾಗಿ ಉಬ್ಬಿಕೊಂಡರೆ ಎಲ್ಲೋ ಗಾಳಿ ಸೋರ್ತಿದೆ. ಬಾಟಲಿ ಜೋತಾಡೋಕೆ ಬಿಡಬೇಡಿ, ನೈಟಿಗೆ ಪಿನ್ ಹಾಕಿ.

ಸ್ನಾನ: ಡ್ರೈನ್ ತೆಗೆದು 48 ಗಂಟೆ ಆದ ಮೇಲೆ, ಸರ್ಜನ್ ಸರಿ ಅಂದರೆ. ಅಲ್ಲೀವರೆಗೆ ಸೊಂಟದ ಕೆಳಗೆ ನೀರು, ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸೋದು. ಚೊಂಬಿನಲ್ಲಿ ತಲೆ ಮೇಲೆ ನೀರು ಹುಯ್ಕೊಳ್ಳೋದು ಎರಡು ವಾರ ಬೇಡ, ಸ್ಟೂಲ್ ಮೇಲೆ ಕೂರಿಸಿ ಬೇರೆಯವರು ಬೆನ್ನಿಗೆ ಹಾಕಲಿ. ಹಂಡೆಯ ಸುಡು ನೀರು ಬೇಡ; ಮೊದಲ ಸ್ನಾನದಲ್ಲಿ ತಲೆ ಸುತ್ತಿ ಬೀಳೋದು ಹೆಚ್ಚು, ಬಚ್ಚಲ ಬಾಗಿಲು ಚಿಲಕ ಹಾಕ್ಕೋಬಾರದು. ಆಮೇಲೆ ಮಡಿಕೆ ಒತ್ತಿ ಒರೆಸಿ, ತಣ್ಣನೆ ಗಾಳಿಯಲ್ಲಿ ಒಣಗಿಸಿ, ಮೆತ್ತನೆ ಹತ್ತಿ ಬಟ್ಟೆ ಅಥವಾ ಗಾಜ್ (ಡ್ರೆಸ್ಸಿಂಗ್‌ನ ಜಾಳು ಬಟ್ಟೆ) ಇಟ್ಟು ಬ್ರಾ ಹಾಕಿ. ಪೌಡರ್ ಬೇಡವೇ ಬೇಡ, ಬೆವರಿಗೆ ಸೇರಿ ಅಂಟಾಗುತ್ತೆ.

ನೋವು ಮೊದಲ ಮೂರು ನಾಲ್ಕು ದಿನ ಜೋರು. ಮಾತ್ರೆ ನೋವು ಬಂದಾಗಲ್ಲ, ಗಂಟೆ ನೋಡಿ ಕೊಡಿ. ಒಂದು ಎಚ್ಚರ: ಟ್ರಮಡಾಲ್ ಅನ್ನೋ ಜೋರು ನೋವಿನ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಪ್ಯಾರಾಸಿಟಮಾಲ್ ಸೇರಿಸಿರ್ತಾರೆ. ಅದರ ಜೊತೆ ಡೋಲೋ (ಅದೂ ಪ್ಯಾರಾಸಿಟಮಾಲೇ) ಬೇರೆ ಕೊಟ್ಟರೆ ಲೆಕ್ಕ ತಪ್ಪುತ್ತೆ. ಚೀಟಿಯಲ್ಲಿ ಬರೆದಷ್ಟೇ, ಏನೇ ಆದರೂ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು. ಟ್ರಮಡಾಲ್ ಮಲಬದ್ಧತೆ ತರುತ್ತೆ, ಮೊದಲ ರಾತ್ರಿಯಿಂದಲೇ ಇಸಬ್ಗೋಲ್ ಶುರು ಮಾಡಿ. ತಿಣುಕಿದರೆ ಬಿಪಿ ಏರುತ್ತೆ. ಊತಕ್ಕೆ ಐಸ್ ಪ್ಯಾಕ್ ಇಡಬಹುದು.


ಹೊಲಿಗೆ_ಬಿಚ್ಚುವವ:

ಸಿಸ್ಟರ್ ಹೇಳಿದ್ದೆಲ್ಲ ಸರಿ, ಆ ಕೊನೆಯ ಸಾಲೊಂದನ್ನು ತಿದ್ದಬೇಕು. ಐಸ್ ಬೇಡ. ಆಪರೇಷನ್ ಆದ ಚರ್ಮ ಜೋಮು ಹಿಡಿದಿರುತ್ತದೆ, ಐಸ್‌ನಿಂದ ಸುಟ್ಟರೂ ಗೊತ್ತಾಗುವುದಿಲ್ಲ. ತಣ್ಣಗಾದರೆ ರಕ್ತನಾಳ ಕುಗ್ಗುತ್ತದೆ, ಪೆಡಿಕಲ್ ತುದಿಗೆ ಅದೇ ಶತ್ರು. ಜೋಮು ಹಿಡಿದ ಚರ್ಮ ಸುಟ್ಟರೂ ತಿಳಿಯದ ಕಾರಣ ಬಿಸಿನೀರಿನ ಚೀಲವೂ ಬೇಡ. ಕಂಕುಳ ಪಕ್ಕದ ನೋವಿಗೆ ಮಾತ್ರ ಬಟ್ಟೆ ಸುತ್ತಿ ಹತ್ತು ನಿಮಿಷ ಐಸ್ ಇಟ್ಟರೆ ನಡೆದೀತು, ತೊಟ್ಟಿನ ಹತ್ತಿರ ಬೇಡ.

ಗಾಬರಿ ಯಾವುದಕ್ಕೆ ಅಂತ ಕೇಳಿದ್ದೀರಿ. ಮೊದಲ 24ರಿಂದ 48 ಗಂಟೆಯಲ್ಲಿ ಒಂದೇ ಕಡೆ ದಿಢೀರನೆ ಉಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ಮಾತ್ರೆಗೆ ಬಗ್ಗದ ನೋವು ಬಂದರೆ ಒಳಗೆ ರಕ್ತ ಕಟ್ಟುತ್ತಿದೆ. ಡ್ರೈನ್‌ನಲ್ಲಿ ಏನೂ ಬರುತ್ತಿಲ್ಲವಲ್ಲ ಅಂತ ಸಮಾಧಾನ ಬೇಡ, ಕೊಳವೆಯೇ ಹೆಪ್ಪಿನಿಂದ ಮುಚ್ಚಿರಬಹುದು. ಇದಕ್ಕೆ ಅದೇ ರಾತ್ರಿ ಮತ್ತೆ ಆಪರೇಷನ್ ಥಿಯೇಟರ್. ತೊಟ್ಟು ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡರೆ ರಕ್ತ ಹೊರಗೆ ಹೋಗಲಾಗದೆ ನಿಂತಿದೆ, ಬಿಳಿಚಿ ತಣ್ಣಗಾದರೆ ಒಳಗೇ ಬರುತ್ತಿಲ್ಲ. ಎರಡಕ್ಕೂ ಬೆಳಗಾಗಲಿ ಅಂತ ಕಾಯಬಾರದು. ಬೇಗ ಬಂದರೆ ಕೆಲವು ಹೊಲಿಗೆ ಸಡಿಲಿಸುವುದರಿಂದಲೇ ತೊಟ್ಟು ಉಳಿಯಬಹುದು. ನಮ್ಮವರ ಮೈಬಣ್ಣದಲ್ಲಿ ಇದು ತಟ್ಟನೆ ಕಾಣುವುದಿಲ್ಲ. ಡಿಸ್ಚಾರ್ಜ್ ದಿನ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಲು ಅನುಕೂಲ.

ಐದನೇ ದಿನದಿಂದಾಚೆ 101 ಡಿಗ್ರಿ ದಾಟಿದ ಜ್ವರ, ಹರಡುತ್ತಾ ಹೋಗುವ ಕೆಂಪು, ವಾಸನೆ, ಕೀವು ಇದ್ದರೆ ಸೋಂಕು. ಪೆನ್ನಿನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದು ನಾಲ್ಕು ಗಂಟೆ ಬಿಟ್ಟು ನೋಡಿ. ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಅಥವಾ ಹಠಾತ್ ಉಸಿರುಕಟ್ಟುವುದು ಬಂದರೆ ಸರ್ಜನ್‌ಗೆ ಫೋನ್ ಮಾಡುತ್ತಾ ಕೂರದೆ ನೇರ 108.

ಒಂದು ಕಡೆ ಇನ್ನೊಂದಕ್ಕಿಂತ ಹೆಚ್ಚು ಊದಿರುವುದು, ಮೇಲಕ್ಕೆ ಏರಿ ಚೌಕವಾಗಿ ಕಾಣುವುದು, ಕರೆಂಟ್ ಹೊಡೆದಂತೆ ಚುರುಕ್ ಚುರುಕ್ ಅನ್ನುವುದು, ತೊಟ್ಟು ಮರಗಟ್ಟಿರುವುದು, ಹಳದಿ-ಹಸಿರು ಕಂದುಗಟ್ಟು ಹೊಟ್ಟೆಯವರೆಗೆ ಇಳಿಯುವುದು ಇವೆಲ್ಲ ಮಾಮೂಲಿ.


ಕ್ಲೇಮ್_ಫೈಲ್:

ಇನ್ಶೂರೆನ್ಸ್ ಬಗ್ಗೆ. ಕ್ಯಾಶ್‌ಲೆಸ್ ನಿರಾಕರಣೆ ಅಂದರೆ ಕ್ಲೇಮ್ ನಿರಾಕರಣೆ ಅಲ್ಲ. ದುಡ್ಡು ಕಟ್ಟಿ ಆಮೇಲೆ ಮರುಪಾವತಿಗೆ ಹಾಕುವ ಹಕ್ಕು ಉಳಿದೇ ಇರುತ್ತದೆ.

ಪಾಲಿಸಿ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ ಕೋಡ್ 08 ತೆರೆದು ಪೂರ್ತಿ ಓದಿ. ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆಸಿದ ಷರತ್ತು ಅದು. ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ ಅನ್ನುವ ಮೊದಲರ್ಧವನ್ನಷ್ಟೇ ಟಿಪಿಎ (ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಉಲ್ಲೇಖಿಸುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಗೆ, ಮತ್ತು ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ತೆಗೆಯಲು ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಗೆ ವಿನಾಯಿತಿ ಇದೆ, ಆ ಅಗತ್ಯವನ್ನು ಚಿಕಿತ್ಸೆ ಕೊಡುವ ವೈದ್ಯರು ದೃಢೀಕರಿಸಬೇಕು ಅನ್ನುವುದು ಉಳಿದರ್ಧ. ತಕ್ಷಣದ ಅನ್ನುವ ಪದ ಹಿಡಿದು ಎಳೆದಾಡುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಗೆಲ್ಲುವ ಖಾತ್ರಿ ಇಲ್ಲ, ಆದರೆ ಫೈಲ್ ಗಟ್ಟಿಯಿದ್ದರೆ ಹೋರಾಡಬಹುದು.

ಗಟ್ಟಿ ಫೈಲ್ ಆಪರೇಷನ್‌ಗೆ ಮುಂಚೆಯೇ ಆಗಬೇಕು, ಆಮೇಲೆ ಗುಳಿಯೂ ಇರುವುದಿಲ್ಲ, ಹುಣ್ಣೂ ಇರುವುದಿಲ್ಲ. ಮೂಳೆ ಡಾಕ್ಟರ್ ಮತ್ತು ಫಿಸಿಯೋ ಚೀಟಿಗಳು, ಮಡಿಕೆ ಹುಣ್ಣಿಗೆ ಚರ್ಮದ ಡಾಕ್ಟರ್ ಬರೆದ ಮುಲಾಮು, ಕತ್ತಿನ ಎಕ್ಸ್‌ರೇ, ಆಸ್ಪತ್ರೆಯಲ್ಲೇ ತೆಗೆದ ಮುಖ ಕಾಣದ ಫೋಟೋಗಳು. ಸರ್ಜನ್ ಪತ್ರದಲ್ಲಿ ರೋಗನಿರ್ಣಯದ ಸಂಕೇತ ಎನ್62 ಇರಲಿ, ತೆಗೆಯುವ ಅಂದಾಜು ಗ್ರಾಂ ಇರಲಿ, ಬೇರೆ ಚಿಕಿತ್ಸೆ ಎಷ್ಟು ತಿಂಗಳು ನಡೆದು ಯಾಕೆ ಸಾಕಾಗಲಿಲ್ಲ ಅನ್ನುವುದಿರಲಿ. ಸೌಂದರ್ಯ, ಆಕಾರ, ಆತ್ಮವಿಶ್ವಾಸ ಎಂಬ ಪದಗಳು ಪತ್ರದಲ್ಲೆಲ್ಲೂ ಬೇಡ. ಅಮೆರಿಕದ ಕಂಪನಿಗಳು ಮೈ ವಿಸ್ತೀರ್ಣಕ್ಕೆ ಇಷ್ಟು ಗ್ರಾಂ ಅನ್ನುವ ಶ್ನೂರ್ ಕೋಷ್ಟಕ ಬಳಸುತ್ತವೆ. ನಮ್ಮ ನಿಯಂತ್ರಕರು ಅಂಥ ಅಳತೆ ಹೇರಿಲ್ಲ, ಯಾರಾದರೂ ಅದನ್ನು ತೋರಿಸಿದರೆ ಪಾಲಿಸಿಯಲ್ಲಿ ಎಲ್ಲಿದೆ ಅಂತ ಕೇಳಿ.

ಮರುಪಾವತಿಯೂ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ಅಧಿಕಾರಿ, ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲೇ ಇರುವ ವಿಮಾ ಒಂಬುಡ್ಸ್‌ಮನ್. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಬಿಲ್ಲಿನಲ್ಲಿ ಕಾಸ್ಮೆಟಿಕ್ ಅಂತ ನಮೂದಾಗಿ 18 ಪರ್ಸೆಂಟ್ ಜಿಎಸ್‌ಟಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ತೆರಿಗೆಯ ನಷ್ಟ ಒಂದು ಕಡೆ, ಆಸ್ಪತ್ರೆಯೇ ಕಾಸ್ಮೆಟಿಕ್ ಅಂದಿದೆ ಅಂತ ಕಂಪನಿ ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತದೆ.


ಭುಜದ_ಮಾತು:

ಫಿಸಿಯೋ ಕಡೆಯಿಂದ. ಆಪರೇಷನ್ ದಿನ ಸಂಜೆಯೇ ನಡೆಸಬೇಕು, ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದ ಮೇಲೆ-ಕೆಳಗೆ ಇಪ್ಪತ್ತು ಸಲ, ಹತ್ತು ದೀರ್ಘ ಉಸಿರು. ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಹಜಾರದಲ್ಲಿ ಐದು ನಿಮಿಷ ಓಡಾಟ.

ಕೈ ವಿಷಯದಲ್ಲಿ ಎರಡೂ ಅತಿ ಕಾಣುತ್ತವೆ. ಕೆಲವರು ಮೂರನೇ ದಿನ ಬಟ್ಟೆ ಒಣಹಾಕಲು ಹೋಗುತ್ತಾರೆ, ಕೆಲವರು ಆರು ವಾರ ಮೊಣಕೈಯನ್ನು ಪಕ್ಕೆಗೆ ಕಟ್ಟಿಕೊಂಡಂತೆ ಇದ್ದು ಭುಜ ಹಿಡಿಸಿಕೊಳ್ಳುತ್ತಾರೆ. ಮೊದಲ ಎರಡು ವಾರ ಮೊಣಕೈ ಭುಜದ ಮಟ್ಟ ದಾಟದಿರಲಿ. ಅದರೊಳಗೆ ಹಲ್ಲುಜ್ಜುವುದು, ಊಟ, ಮುಖ ತೊಳೆಯುವುದು ಎಲ್ಲ ಆಗಲಿ. ಜಡೆ ಹಾಕುವುದು ಇನ್ನೊಬ್ಬರ ಕೆಲಸ. ಭುಜವನ್ನು ಹಿಂದಕ್ಕೆ ಸುತ್ತಿಸುವುದು ಮೂರನೇ ದಿನದಿಂದ, ದಿನಕ್ಕೆ ಮೂರು ಹೊತ್ತು ಹತ್ತು ಸಲ. ಮೂರನೇ ವಾರ, ಹೊಲಿಗೆ ಕೂಡಿಕೊಂಡಿದ್ದರೆ, ಗೋಡೆ ಮೇಲೆ ಬೆರಳು ನಡೆಸುತ್ತಾ ಏರಿಸುವುದು. ಗಾಯ ಎಳೆದಂತಾದರೆ ಅಲ್ಲಿಗೇ ನಿಲ್ಲಿಸಿ.

ಶಿವಮೊಗ್ಗ 300 ಕಿಲೋಮೀಟರ್ ಚಿಲ್ಲರೆ. ಡ್ರೈನ್ ತೆಗೆದು, ಮೊದಲ ಡ್ರೆಸ್ಸಿಂಗ್ ಬಿಚ್ಚಿ ನೋಡುವವರೆಗೆ, ಅಂದರೆ ಐದರಿಂದ ಏಳು ದಿನ, ಬೆಂಗಳೂರಲ್ಲೇ ಇರುವುದು ಜಾಣತನ. ರಕ್ತ ಕಟ್ಟುವ ಅಪಾಯದ ಹೊತ್ತೂ ಅಷ್ಟರಲ್ಲಿ ಕಳೆದಿರುತ್ತದೆ. ಬಸ್ಸಿಗಿಂತ ರೈಲು ವಾಸಿ, ಎದ್ದು ಓಡಾಡಬಹುದು, ಹಂಪ್ ಇಲ್ಲ. ಸೂಟ್‌ಕೇಸ್ ಮೇಲಿನ ರ‍್ಯಾಕಿಗೆ ಅವರು ಎತ್ತಬಾರದು ಅನ್ನೋದನ್ನು ಹೇಳಬೇಕಾ! ಕಾರಾದರೆ ಸೀಟ್ ಬೆಲ್ಟ್ ಬಿಡಬೇಡಿ, ಎದೆಗೂ ಬೆಲ್ಟಿಗೂ ನಡುವೆ ಮಡಿಸಿದ ಟವೆಲ್ ಇಡಿ, ಗಂಟೆಗೊಮ್ಮೆ ಇಳಿದು ನಡೆಯಿರಿ. ತಾವೇ ಕಾರು ಓಡಿಸುವುದು ಎರಡು-ಮೂರು ವಾರದ ನಂತರ, ಟ್ರಮಡಾಲ್ ಪೂರ್ತಿ ನಿಂತು, ದಿಢೀರ್ ಬ್ರೇಕ್ ಹಾಕಿದರೂ ಎದೆ ಹಿಡಿದುಕೊಳ್ಳುವಂತಾಗದಿದ್ದರೆ. ಸ್ಕೂಟರಿಗೆ ಆರು ವಾರ. ಓಡಿಸುವುದಕ್ಕಿಂತ ಡಬಲ್ ಸ್ಟ್ಯಾಂಡ್ ಹಾಕುವುದೇ ಕೆಡುಕು.

ಕೂತು ಮಾಡುವ ಕೆಲಸಕ್ಕೆ ಎರಡು ವಾರ, ಓಟಕ್ಕೆ ಆರರಿಂದ ಎಂಟು ವಾರ, ಸೂರ್ಯನಮಸ್ಕಾರದಂಥ ಕೈ ಮೇಲೆ ಭಾರ ಹಾಕುವುದಕ್ಕೆ ಎಂಟು ವಾರವಾದರೂ ಬೇಕು. ಭಾರ ಇಳಿದ ತಕ್ಷಣ ಬೆನ್ನು ನೆಟ್ಟಗಾಗುವುದಿಲ್ಲ. ಹತ್ತಿಪ್ಪತ್ತು ವರ್ಷ ಮುಂದಕ್ಕೆ ಬಾಗಿದ ಭುಜ ಅಲ್ಲೇ ಒಗ್ಗಿಕೊಂಡಿರುತ್ತದೆ. ಆರು ವಾರದ ಮೇಲೆ ಬೆನ್ನಿನ ಮೇಲ್ಭಾಗದ ವ್ಯಾಯಾಮ ಹಿಡಿಯದಿದ್ದರೆ, ಆಪರೇಷನ್ ಆದರೂ ಕತ್ತು ನೋವು ಹೋಗಲಿಲ್ಲ ಅನ್ನುವ ದೂರು ಗ್ಯಾರಂಟಿ.


ತುಂಗಾತೀರ:

ಎಲ್ಲರಿಗೂ ಧನ್ಯವಾದ. ಆಪರೇಷನ್ ಆಗಿ ಇವತ್ತಿಗೆ 16ನೇ ದಿನ. ಎಡಗಡೆ ಟಿ ಜಂಕ್ಷನ್‌ನಲ್ಲಿ ಒಂದೂವರೆ ಸೆಂಟಿಮೀಟರ್ ಬಿಟ್ಟುಕೊಂಡಿದೆ. ಮೇಲೆ ಹಳದಿ ಪದರ. ಜ್ವರ ಇಲ್ಲ, ವಾಸನೆ ಇಲ್ಲ, ಸುತ್ತ ಎರಡು ಮಿಲಿಮೀಟರ್ ಮಾತ್ರ ಗುಲಾಬಿ. ಇದು ಕೀವಾ? ಮತ್ತೆ ಹೊಲಿಯಬೇಕಾ? ಅಮ್ಮ ಬದನೆಕಾಯಿ, ಮೊಟ್ಟೆ, ಮೀನು, ಬೇಳೆ ಎಲ್ಲ ನಂಜು ಅಂತ ನಿಲ್ಲಿಸಿ ಬರೀ ಗಂಜಿ, ತಿಳಿಸಾರು ಕೊಡುತ್ತಿದ್ದಾರೆ. ಅರಿಶಿನ ಹಚ್ಚೋಣ ಅನ್ನುತ್ತಿದ್ದಾರೆ.


ಹೊಲಿಗೆ_ಬಿಚ್ಚುವವ:

ಅರಿಶಿನ ಅಡುಗೆಮನೆಯಲ್ಲೇ ಇರಲಿ. ತೆರೆದ ಗಾಯದಲ್ಲಿ ಅದರ ಕಣಗಳು ಕಸದಂತೆ ಕೂರುತ್ತವೆ, ಬಣ್ಣ ಬಿದ್ದರೆ ಸುತ್ತಲಿನ ಕೆಂಪು ಕಾಣುವುದೂ ಇಲ್ಲ.

ನೀವು ಹೇಳಿದ ಲಕ್ಷಣಕ್ಕೆ ಅದು ಕೀವಿಗಿಂತ ಗಾಯದ ಪೊರೆ ಇರುವ ಸಾಧ್ಯತೆ ಹೆಚ್ಚು. ಗಾಜ್‌ನಲ್ಲಿ ಒರೆಸಿದರೆ ಕೀವು ಬಂದುಬಿಡುತ್ತದೆ, ಪೊರೆ ಅಂಟಿಕೊಂಡೇ ಇರುತ್ತದೆ. ಕಿತ್ತು ತೆಗೆಯಬೇಡಿ, ಅದರ ಕೆಳಗೆ ಹೊಸ ಕೆಂಪು ಮಾಂಸ ಬೆಳೆಯುತ್ತಿರುತ್ತದೆ. ಇವತ್ತೇ ಸರ್ಜನ್‌ಗೆ ಫೋಟೋ ಕಳಿಸಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು, ಅದೇ ಬೆಳಕು, ಅದೇ ದೂರ, ಮೂರು ದಿನಕ್ಕೊಮ್ಮೆ. ಕಪ್ಪಗೆ ಗಟ್ಟಿ ಚಕ್ಕೆ ಕಂಡರೆ, ಅಥವಾ ಗಾಯದೊಳಗೆ ಆಳವಾದ ಗುಂಡಿ ಕಂಡರೆ ಫೋಟೋ ಸಾಲದು, ಹೋಗಿ ತೋರಿಸಿ.

ಮತ್ತೆ ಹೊಲಿಯುವುದಿಲ್ಲ. ಬಿಟ್ಟದ್ದು ಎಳೆತ ಮತ್ತು ರಕ್ತದ ಕೊರತೆಯಿಂದ. ಅದೇ ಅಂಚಿಗೆ ದಾರ ಹಾಕಿದರೆ ಅದೂ ಕಿತ್ತುಕೊಂಡು, ಒಳಗೆ ಸೂಕ್ಷ್ಮಜೀವಿ ಮುಚ್ಚಿಟ್ಟಂತಾಗುತ್ತದೆ. ಈ ಅಳತೆಯದು ಮೂರರಿಂದ ಆರು ವಾರದಲ್ಲಿ ತಾನೇ ಕುಗ್ಗಿ ಮುಚ್ಚುತ್ತದೆ. ಕಲೆ ಅಲ್ಲಿ ಸ್ವಲ್ಪ ಅಗಲ ಆಗಬಹುದು, ಬೇಕಿದ್ದರೆ ವರ್ಷದ ಮೇಲೆ ಸರಿಪಡಿಸುತ್ತಾರೆ.


ವಾರ್ಡ್_ಸಿಸ್ಟರ್:

ಐಸ್ ಮಾತು ಒಪ್ಪಿದೆ ಸರ್, ನನ್ನ ತಪ್ಪು.

ಡ್ರೆಸ್ಸಿಂಗ್ ಹೀಗೆ: ಸೋಪಿನಲ್ಲಿ ಕೈ ತೊಳೆದು, 100 ಎಂಎಲ್ ನಾರ್ಮಲ್ ಸಲೈನ್ ಬಾಟಲಿಯಿಂದ ಗಾಯದ ಮೇಲೆ ಹರಿಸಿ, ಉಜ್ಜಬೇಡಿ. ಸುತ್ತಲ ಚರ್ಮ ಒಣಗಿಸಿ. ಗಾಯದ ಅಳತೆಗೇ ಕತ್ತರಿಸಿದ ಪ್ಯಾರಾಫಿನ್ ಗಾಜ್ ಒಂದು ಪದರ, ಸರ್ಜನ್ ಜೆಲ್ ಬರೆದಿದ್ದರೆ ಅದು, ಮೇಲೆ ಒಣ ಗಾಜ್, ಮೇಲೆ ಬ್ರಾ. ದಿನಕ್ಕೆ ಒಂದು ಸಲ, ನೆನೆದರೆ ಎರಡು. ತೆರೆದ ಸಲೈನ್ 24 ಗಂಟೆ ಆದ ಮೇಲೆ ಚೆಲ್ಲಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುತ್ತೆ, ಕೆಲಸ ಮಾಡ್ತಿದೆ ಅನ್ಸುತ್ತೆ, ಹೊಸ ಮಾಂಸವನ್ನೂ ಸುಡುತ್ತೆ. ಆಂಟಿಬಯಾಟಿಕ್ ಪುಡಿ ಉದುರಿಸಿದರೆ ಗಾರೆ ಥರ ಕಟ್ಟಿಕೊಳ್ಳುತ್ತೆ.

ಗಂಜಿ, ತಿಳಿಸಾರಲ್ಲಿ ಗಾಯ ಕೂಡಲ್ಲ. ಹೊಸ ಮಾಂಸ ಬೆಳೆಯೋಕೆ ಪ್ರೋಟೀನ್ ಬೇಕು, ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಲ್ಲಿ 8, ನೂರು ಗ್ರಾಂ ಪನೀರಲ್ಲಿ 18ರ ಸುಮಾರು. ಮೀನು ತಿನ್ನೋರಾದರೆ ಇನ್ನೂ ಸುಲಭ. ಅಮ್ಮನ ಜೊತೆ ವಾದ ಬೇಡ: ಬದನೆಕಾಯಿ ಅವರಿಗೇ ಬಿಟ್ಟುಕೊಡಿ, ಅದರಿಂದ ನಷ್ಟ ಇಲ್ಲ. ಮೊಟ್ಟೆ, ಹೆಸರುಬೇಳೆ, ಸೊಪ್ಪಿನ ಸಾರು, ನಿಂಬೆ ಮಾತ್ರ ಬಿಡಬೇಡಿ. ಕಬ್ಬಿಣದ ಮಾತ್ರೆ ಕಾಫಿ ಜೊತೆ ಬೇಡ.

ಇನ್ನೊಂದು ಮುಂದೆ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಆರು-ಎಂಟನೇ ವಾರದಲ್ಲಿ ಹೊಲಿಗೆ ಗೆರೆ ಮೇಲೆ ಮೊಡವೆ ಥರ ಎದ್ದು ಒಳಗಿಂದ ದಾರದ ತುದಿ ಕಾಣಬಹುದು. ಕರಗೋ ದಾರ, ಕರಗೋಕೆ ಮುಂಚೆ ಹೊರಗೆ ಬಂದಿರುತ್ತೆ. ಎಳೀಬೇಡಿ, ಡಾಕ್ಟರ್ ಹತ್ತಿರ ಕತ್ತರಿಸ್ಕೊಳ್ಳಿ.


ಎಳೆಬಿಸಿಲು:

ಕಲೆಯ ಬಗ್ಗೆ ಯಾರೂ ಬರೆದಿಲ್ಲ. ಪೂರ್ತಿ ಮುಚ್ಚಿದ ಭಾಗಕ್ಕೆ ಮೂರನೇ ವಾರದಿಂದ ಸಿಲಿಕೋನ್ ಶುರು ಮಾಡಬಹುದು, ತೆರೆದಿರುವ ಜಾಗ ಬಿಟ್ಟು. ಪಟ್ಟಿಯಾದರೆ ದಿನಕ್ಕೆ 12 ಗಂಟೆಯಾದರೂ ಇರಬೇಕು, ಜೆಲ್ ಆದರೆ ದಿನಕ್ಕೆರಡು ಸಲ ತೆಳ್ಳಗೆ. ಮೂರು ತಿಂಗಳಿಗಿಂತ ಕಡಿಮೆ ಮಾಡಿದರೆ ದುಡ್ಡು ದಂಡ. ಮಡಿಕೆಯಲ್ಲಿ ಬೆವರಿಗೆ ಪಟ್ಟಿ ನಿಲ್ಲುವುದಿಲ್ಲ, ಬೊಕ್ಕೆಯೂ ಏಳುತ್ತದೆ, ಅಲ್ಲಿ ಜೆಲ್ಲೇ ಸರಿ. ಅಷ್ಟು ಖರ್ಚು ಬೇಡವಾದರೆ ಹೊಲಿಗೆ ಉದ್ದಕ್ಕೂ ಕಾಗದದ ಮೈಕ್ರೋಪೋರ್ ಟೇಪ್, ನಾಲ್ಕೈದು ದಿನಕ್ಕೊಮ್ಮೆ ಬದಲಿಸಿ.

ಕಲೆ ಎರಡು-ಮೂರನೇ ತಿಂಗಳಲ್ಲಿ ಅತಿ ಕೆಂಪಗೆ, ದಪ್ಪಗೆ ಕಾಣುತ್ತದೆ. ಆ ಹೊತ್ತಿಗೆ ಹೆದರಿ ಏನೇನೋ ಹಚ್ಚುತ್ತಾರೆ. ತಿಳಿಯಾಗಲು 12ರಿಂದ 18 ತಿಂಗಳು. ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹರಡುತ್ತಾ ತುರಿಸಿದರೆ ಅದು ಕೀಲಾಯ್ಡ್. ಕಿವಿ ಚುಚ್ಚಿಸಿದಾಗ ಗಂಟಾಗಿದ್ದವರು ಈ ಮಾತನ್ನು ಆಪರೇಷನ್‌ಗೆ ಮುಂಚೆಯೇ ಹೇಳಿರಬೇಕು. ಕೀಲಾಯ್ಡ್‌ಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ನನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಕಲೆಯೊಳಗೇ ಕೊಡುತ್ತಾರೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ತೊಟ್ಟಿನ ಸ್ಪರ್ಶ ಆರರಿಂದ ಹನ್ನೆರಡು ತಿಂಗಳಲ್ಲಿ ಮರಳುತ್ತಾ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ. ಮತ್ತೆ ಮಗು ಬೇಕೆಂದಿದ್ದರೆ, ಪೆಡಿಕಲ್ ಉಳಿದಿರುವುದರಿಂದ ಹಾಲು ಬರಬಹುದು, ಆದರೆ ಸಾಲದೆ ಮೇಲುಹಾಲು ಸೇರಿಸಬೇಕಾಗಬಹುದು; ತೊಟ್ಟನ್ನು ಕಸಿ ಮಾಡಿದವರಲ್ಲಿ ನಾಳಗಳೇ ಕತ್ತರಿಸಿರುತ್ತವೆ. ಬಸಿರು ಅಥವಾ ತೂಕ ಹೆಚ್ಚಿದರೆ ಸ್ತನ ಮತ್ತೆ ದೊಡ್ಡದಾಗುತ್ತದೆ.

ತಂತಿ ಬ್ರಾ ಮೂರು ತಿಂಗಳು ಬೇಡ. ಹೊಸ ಬ್ರಾ, ಹೊಸ ಬ್ಲೌಸ್ ಅಳತೆ ಕೊಡುವುದೂ ಆಮೇಲೆಯೇ. ಊತದಲ್ಲಿ ಹೊಲಿಸಿದ ಬ್ಲೌಸ್‌ಗಳು ಪೂರ್ತಿ ವ್ಯರ್ಥ. ತಿಂಗಳುಗಳ ನಂತರ ಒಳಗೆ ಗಟ್ಟಿ ಗಂಟು ಸಿಕ್ಕರೆ ಬಹುಪಾಲು ರಕ್ತ ಸಿಗದೆ ಸತ್ತ ಕೊಬ್ಬು ಇರುತ್ತದೆ, ಹಾಗಂತ ಊಹೆಯಲ್ಲೇ ಬಿಡದೆ ಅಲ್ಟ್ರಾಸೌಂಡ್ ಮಾಡಿಸಿ. ಮುಂದೆ ಯಾವಾಗ ಮ್ಯಾಮೊಗ್ರಾಂ ಆದರೂ ರೇಡಿಯಾಲಜಿಸ್ಟ್‌ಗೆ ಈ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಬೇಕು, ಆ ಸತ್ತ ಕೊಬ್ಬು ಸುಣ್ಣ ಕಟ್ಟಿ ಚಿತ್ರದಲ್ಲಿ ಅನುಮಾನ ಹುಟ್ಟಿಸುತ್ತದೆ. ತೆಗೆದ ಅಂಗಾಂಶದ ಪ್ಯಾಥಾಲಜಿ ರಿಪೋರ್ಟ್ ಡಿಸ್ಚಾರ್ಜ್ ಆದ ಮೇಲೆ ಬರುವುದರಿಂದ ಕೇಳಿ ತರಲು ಎಷ್ಟೋ ಜನ ಮರೆಯುತ್ತಾರೆ. ಶಿವಮೊಗ್ಗದಲ್ಲಿದ್ದೀರಿ, ಮುಂದಿನ ಫಾಲೋಅಪ್‌ಗೆ ಬೆಂಗಳೂರಿಗೆ ಹೋದಾಗ ಎಡ-ಬಲ ಬೇರೆ ಬೇರೆ ಗ್ರಾಂ ಬರೆದಿರುವ ಪ್ರತಿಯನ್ನೇ ತನ್ನಿ. ಕ್ಲೇಮ್ ಫೈಲಿಗೂ ಅದು ಬೇಕಾಗುತ್ತದೆ.